ಭಾವನ ಮೊಳೆ, ಮುನಿವೆಂಕಟಮ್ಮನ ಬೆನ್ನು

ಸೇತುರಾಮ ಭಾವನ ಬಗ್ಗೆ ಯಾರನ್ನು ಕೇಳಿದರೂ 'ಒಳ್ಳೆಯವರು' ಎನ್ನುತ್ತಿದ್ದರು, ಆಮೇಲೆ ಬೇರೆ ವಿಷಯಕ್ಕೆ ಹೋಗುತ್ತಿದ್ದರು. ಎರಡನೆಯ ಮಾತಿಗೆ ಅವರಲ್ಲಿ ಸಾಮಗ್ರಿಯೇ ಇರಲಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾವೇ ಕ್ಷಮೆ ಕೇಳುವವರು. ಹುಳಿಗೆ ಉಪ್ಪು ಹಾಕುವುದನ್ನು ಅಕ್ಕ ಮರೆತ ದಿನವೂ ಎರಡನೆಯ ಸಲ ಬಡಿಸಿಕೊಂಡು ಉಣ್ಣುವವರು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಭಾವನನ್ನು ಬೈಯುವ ಹಕ್ಕು ನನ್ನದು ಮತ್ತು ಅಕ್ಕನದು ಮಾತ್ರ, ಮೂರನೆಯವರು ಬಾಯಿಬಿಟ್ಟರೆ ನಾನು ಸುಮ್ಮನಿರುವವಳಲ್ಲ. ನಾನು ಪಂಕಜಾ, ಅವರ ಹೆಂಡತಿ ಸೀತಾಲಕ್ಷ್ಮಿಯ ತಂಗಿ. ಬಸವನಗುಡಿಯ ಒಂದು ಸ್ಕೂಲಿನಲ್ಲಿ ಪಾಠ ಹೇಳಿಕೊಂಡು ಅಕ್ಕನ ಮನೆಯಲ್ಲೇ ಇದ್ದೆ.

ಐವತ್ತೊಂಬತ್ತನೇ ಇಸವಿಯಲ್ಲಿ ಭಾವ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಮನೆ ಕಟ್ಟಿಸಿದರು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮನೆ ಕಟ್ಟಿದ ಮೇಸ್ತ್ರಿ ತನ್ನ ಅಂಗಿ ನೇತುಹಾಕಿಕೊಳ್ಳಲು ಹಾಲಿನ ಗೋಡೆಯ ನಟ್ಟನಡುವೆ ಒಂದು ದಪ್ಪ ಮೊಳೆ ಹೊಡೆದಿದ್ದ. ಕೆಲಸ ಮುಗಿದ ಮೇಲೆ ಅಂಗಿ ತೆಗೆದುಕೊಂಡು ಹೋದ, ಮೊಳೆ ಬಿಟ್ಟುಹೋದ. ಕೀಳಲು ಹೋದರೆ ಗಾರೆ ಬಿರುಕು ಬಿಡುತ್ತಿತ್ತು. ಅದರ ಬಲಕ್ಕೆ ದೇವರ ಪಟಗಳು, ಎಡಕ್ಕೆ ತೀರಿಕೊಂಡ ಹಿರಿಯರ ಫೋಟೋಗಳು, ನಡುವೆ ಈ ಬೋಳು ಮೊಳೆ. ಬಂದವರ ಕಣ್ಣು ಮೊದಲು ಹೋಗುತ್ತಿದ್ದುದೇ ಅಲ್ಲಿಗೆ.

ಅದೇ ಹೊತ್ತಿಗೆ ಭಾವನ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಡಬ್ಬಿ ಕ್ಯಾಮೆರಾವನ್ನು ಭಾವನ ಕೈಗಿಟ್ಟು ಹೋದರು. ಭಾವ ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದರು. ಮನೆಯವರೆಲ್ಲ ತಲೆ ಬಾಚಿಕೊಂಡು ತಯಾರಾಗಿ ನಿಂತೆವು. ಭಾವ ನಮ್ಮ ಯಾರ ಫೋಟೋವನ್ನೂ ತೆಗೆಯಲಿಲ್ಲ. ಮನುಷ್ಯರ ಫೋಟೋ ತೆಗೆಯಬೇಕಾದರೆ ಹಾಗೆ ನಿಲ್ಲಿ, ಹೀಗೆ ನಗಿ ಎಂದು ಹೇಳಬೇಕು. ಭಾವ ಹುಟ್ಟಿದಾಗಿನಿಂದ ಯಾರಿಗೂ ಏನೂ ಹೇಳಿದವರಲ್ಲ. ಹಾಗಾಗಿ ಅವರು ಕೆರೆ, ಬಯಲು, ಆಕಾಶಗಳ ಕಡೆಗೆ ಹೋದರು. ಅವಕ್ಕೆ ಏನೂ ಹೇಳಬೇಕಾಗಿಲ್ಲವಲ್ಲ.

ಭಾನುವಾರ ಬೆಳಗಾದರೆ ಸೈಕಲ್ ಹತ್ತಿ ಬೈರಸಂದ್ರ, ತಾವರೆಕೆರೆ ದಾಟಿ, ರಾಗಿ ಹೊಲಗಳ ನಡುವೆ ಮಡಿವಾಳದ ಕೆರೆಗೆ ಹೋಗುತ್ತಿದ್ದರು. ಮೊದಲನೆಯ ಫಿಲಂ ತೊಳೆಸಿಕೊಂಡು ಬಂದ ಸಂಜೆ ಒಂದು ಫೋಟೋ ಆರಿಸಿ ಅಕ್ಕನ ಮುಂದೆ ಹಿಡಿದರು. ಮೇಲರ್ಧ ಬಿಳುಪು, ಕೆಳಗರ್ಧ ಬೂದು, ನಡುವೆ ಒಂದು ಗೆರೆ.

"ಇದನ್ನ ದೊಡ್ಡದು ಮಾಡಿಸಿ ಆ ಮೊಳೆಗೆ ಹಾಕೋಣ ಅಂತಿದೀನಿ ಸೀತಾ."

ಭಾವ ಏನನ್ನಾದರೂ ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಕ್ಕ ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದರಲ್ಲಿ ಯಾರೂ ಇಲ್ವಲ್ರೀ?"

"ಕೆರೆ ಇದೆ."

"ಕೆರೆ ಇರ್ಲಿ. ಬಂದೋರು ಯಾರಿದು ಅಂತ ಕೇಳಿದ್ರೆ ಏನು ಹೇಳ್ಲಿ? ಗೋಡೆಗೆ ಹಾಕೋದು ಅಂದ್ರೆ ಬಂದೋರು ಒಂದು ನಿಮಿಷ ನಿಂತು ನೋಡೋ ಹಾಗಿರಬೇಕು. ಅಂಥದ್ದು ತನ್ನಿ, ನಾನೇ ನನ್ನ ಕೈಯಾರೆ ಹಾಕ್ತೀನಿ."

ಅಕ್ಕ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮಂಥವರ ಮನೆಯ ಗೋಡೆಯ ಮೇಲೆ ಇರುವುದು ದೇವರು, ಇಲ್ಲವೇ ಸತ್ತವರು. ಯಾರೂ ಇಲ್ಲದ ಬಯಲಿಗೆ ಕಟ್ಟು ಹಾಕಿಸಿ ನೇತುಹಾಕಿದ ಮನೆಯನ್ನು ನಾನೂ ಕಂಡಿರಲಿಲ್ಲ. ಆದರೆ ಭಾವನ ಮುಖ ನೋಡಿ ನನಗೆ ಸಂಕಟವಾಯಿತು. ಅಂದಿನಿಂದ ಆ ಮೊಳೆಗೆ ತಾವು ತೆಗೆದ ಕೆರೆಯ ಫೋಟೋ ಬೀಳಬೇಕು ಎಂಬುದೊಂದೇ ಅವರ ಬದುಕಿನ ಆಸೆಯಾಯಿತು. ಬಡ್ತಿಗೆ ಕೂಡ ಅವರು ಅಷ್ಟು ಆಸೆಪಟ್ಟವರಲ್ಲ.

ಫೋಟೋ ಯಾಕೆ ಸಪ್ಪೆಯಾಗಿದೆ ಎಂದು ತಿಳಿಯಲು ಅವರು ಗಾಂಧಿ ಬಜಾರಿನ ಏಕಾಂತಯ್ಯನವರ ಮೊರೆ ಹೊಕ್ಕರು. ಏಕಾಂತಯ್ಯನವರದು ಅಲ್ಲಿ ಹಳೆಯ ಸ್ಟುಡಿಯೋ. ಹಿಂದುಗಡೆ ಪರದೆಯ ಮೇಲೆ ಬಣ್ಣದ ಕೆರೆ, ಮೆಟ್ಟಿಲು, ಎರಡು ಹಂಸ. ಆ ಪರದೆಯ ಮುಂದೆ ಅರ್ಧ ಬಸವನಗುಡಿಯನ್ನು ನಿಲ್ಲಿಸಿ ಫೋಟೋ ತೆಗೆದವರು ಅವರು. ನಿಜವಾದ ಕೆರೆಯ ಮುಂದೆ ಒಂದು ಸಲವೂ ಕ್ಯಾಮೆರಾ ಇಟ್ಟವರಲ್ಲ. ಬಿಸಿಲು ಯಾರ ಮಾತೂ ಕೇಳುವುದಿಲ್ಲ ಎಂಬುದು ಅವರ ದೂರು. ಆದರೂ ಇಂಗ್ಲಿಷ್ ಪತ್ರಿಕೆಗಳನ್ನು ತರಿಸಿ ಓದುತ್ತಿದ್ದುದರಿಂದ ಸಲಹೆಗಳಿಗೆ ಬರವಿರಲಿಲ್ಲ.

ಅವರು ಫೋಟೋ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಮೋಡ ಚೆನ್ನಾಗಿ ಬಂದಿದೆ" ಎಂದರಂತೆ. ಭಾವ ಮೆಲ್ಲಗೆ, "ತಲೆಕೆಳಗಾಗಿ ಹಿಡಿದಿದೀರಿ, ಅದು ನೀರು" ಎಂದರಂತೆ. ಏಕಾಂತಯ್ಯನವರು ನೆಟ್ಟಗೆ ಮಾಡಿ ನೋಡಿದರು. ಏನೂ ವ್ಯತ್ಯಾಸ ಕಾಣಲಿಲ್ಲ.

"ಅದೇ ನೋಡಿ ತಪ್ಪು. ಆಕಾಶ ಭೂಮಿ ಎರಡಕ್ಕೂ ಸಮಪಾಲು ಕೊಟ್ಟಿದೀರಿ. ಯಾರಾದ್ರೂ ಒಬ್ಬರಿಗೆ ಜಾಸ್ತಿ ಕೊಡಿ."

ಅಣ್ಣತಮ್ಮಂದಿರ ಪಾಲಿನ ವಿಷಯದಲ್ಲೂ ಹಾಗೆ ಮಾಡದ ಭಾವ ಬಹಳ ನೊಂದುಕೊಂಡೇ ಆಕಾಶಕ್ಕೆ ಜಾಸ್ತಿ ಕೊಟ್ಟರು. ಮುಂದಿನ ಫಿಲಮ್ಮಿನಲ್ಲಿ ಬರೀ ಬಿಳುಪು, ಅಡಿಯಲ್ಲಿ ಸೀರೆಯ ಅಂಚಿನಷ್ಟು ನೆಲ. ಅಕ್ಕ ಅದನ್ನು ನೋಡಿ, ಕಾಗದ ಖಾಲಿ ಬಂದಿದೆ, ಅಂಗಡಿಯವನು ಮೋಸ ಮಾಡಿದ್ದಾನೆ ಎಂದಳು.

"ಮೋಡ ಬೇಕು. ಲೆನ್ಸಿಗೆ ಹಳದಿ ಗಾಜು ಹಾಕಿ, ಮೋಡ ಎದ್ದು ಕಾಣುತ್ತೆ" ಎಂದು ಏಕಾಂತಯ್ಯನವರು ಮತ್ತೆ ಹೇಳಿದರು. ಅಂಥ ಗಾಜು ಎಲ್ಲಿ ಸಿಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಭಾವ ಗಣೇಶನ ಮಂಟಪಕ್ಕೆ ಅಂಟಿಸುವ ಹಳದಿ ಬಣ್ಣದ ತೆಳುಕಾಗದವನ್ನು ಕತ್ತರಿಸಿ ಲೆನ್ಸಿಗೆ ಕಟ್ಟಿದರು. ಅದೇ ಕಾಗದವನ್ನು ಕಣ್ಣಿಗೆ ಹಿಡಿದುಕೊಂಡು ತಾರಸಿಯ ಮೇಲೆ ಮೋಡ ಕಾಯುತ್ತ ಕೂರುತ್ತಿದ್ದರು. ಬೇಸಿಗೆ. ಅಕ್ಕ ಅದೇ ತಾರಸಿಯಲ್ಲಿ ಹಪ್ಪಳ, ಸಂಡಿಗೆ ಒಣಹಾಕಿದ್ದಳು. ಒಂದು ಮಧ್ಯಾಹ್ನ ಬನಶಂಕರಿಯ ಕಡೆಯಿಂದ ಮೋಡ ಎದ್ದಿತು. "ಬಂತು! ಬಂತು!" ಎಂದು ಭಾವ ಕುಣಿಯುತ್ತ ಇಳಿದು ಬಂದು ಸೈಕಲ್ ಏರಿ ಹೊರಟೇಹೋದರು. ಮೋಡ ಬಂದದ್ದಕ್ಕೆ ಇಡೀ ಜಯನಗರದಲ್ಲಿ ಸಂತೋಷಪಟ್ಟವರು ಅವರೊಬ್ಬರೇ. ಆ ವರ್ಷದ ಸಂಡಿಗೆಯಷ್ಟೂ ನೀರುಪಾಲಾಯಿತು. ಭಾವ ನೆನೆದು ಮುದ್ದೆಯಾಗಿ ಮನೆಗೆ ಬಂದರು, ಹಳದಿ ಕಾಗದ ಕರಗಿ ಅಂಗಿಗೆಲ್ಲ ಬಣ್ಣ ಹತ್ತಿತ್ತು. ಅಕ್ಕ ಮೂರು ದಿನ ಮಾತು ಬಿಟ್ಟಳು.

"ಆಕಾಶದ ಹಂಗು ಬಿಡಿ, ಮುಂದುಗಡೆ ಏನಾದರೂ ಇಡಿ. ಕಣ್ಣು ಅದರ ಮೇಲೆ ಕಾಲಿಟ್ಟು ದೂರಕ್ಕೆ ಹೋಗಬೇಕು" ಎಂಬುದು ಏಕಾಂತಯ್ಯನವರ ಕಡೆಯ ಸಲಹೆ. ಭಾವ ಅಕ್ಕನಿಗೆ ಗೊತ್ತಾಗದಂತೆ ಹಿತ್ತಾಳೆಯ ಕೊಡವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ಕೆರೆ ಏರಿಯ ಮೇಲೆ ಇಟ್ಟು ಫೋಟೋ ತೆಗೆದರು. ಈ ಸಲ ಅಕ್ಕನ ಮುಖ ಅರಳಿತು.

"ಎಷ್ಟು ಚೆನ್ನಾಗಿ ಬಂದಿದೆ ರೀ! ನಮ್ಮ ಕೊಡ!"

"ಕೆರೆ ಹೇಗಿದೆ?"

"ಯಾವ ಕೆರೆ?"

ಆಮೇಲೆ ಕೊಡದ ಹೊಟ್ಟೆಯಲ್ಲಿದ್ದ ತಗ್ಗು ಅವಳ ಕಣ್ಣಿಗೆ ಬಿದ್ದು, ಅದು ಯಾವಾಗ ಆಯಿತು, ಯಾರು ಎತ್ತಿಹಾಕಿದರು ಎಂಬ ವಿಚಾರಣೆ ಶುರುವಾಯಿತು.

ಕೊಡದ ಬದಲು ಮನುಷ್ಯರನ್ನೇ ನಿಲ್ಲಿಸಬೇಕೆಂದು ಭಾವ ನಿಶ್ಚಯಿಸಿದರು. ಕೆರೆಯ ದಂಡೆಯಲ್ಲಿ ಸೊಪ್ಪು ಬೆಳೆಯುತ್ತಿದ್ದ ಬೋರಣ್ಣ ಎಂಬ ರೈತ ಅಷ್ಟರಲ್ಲಿ ಅವರಿಗೆ ಪರಿಚಯವಾಗಿದ್ದ. ಕೆರೆಯ ಕಡೆ ಮುಖ ಮಾಡಿ, ನನಗೆ ಬೆನ್ನು ಹಾಕಿ ಒಂದು ನಿಮಿಷ ನಿಲ್ಲುತ್ತೀರಾ ಎಂದು ಭಾವ ಹೇಗೋ ಧೈರ್ಯ ಮಾಡಿ ಕೇಳಿದರು.

ಬೋರಣ್ಣ ತಬ್ಬಿಬ್ಬಾದ. "ಬೆನ್ನು ತೋರ್ಸಿ ಫೋಟೋ ತೆಗೆಸ್ಕಳಕ್ಕೆ ನಾನೇನು ಕದ್ದಿವ್ನಾ ಸ್ವಾಮಿ?"

ಭಾವ ತಾಳ್ಮೆಯಿಂದ ವಿವರಿಸಿದರು. ಬೋರಣ್ಣ ಒಪ್ಪಿ ಬೆನ್ನು ಹಾಕಿ ನಿಂತ. ಭಾವ ಸ್ಟುಡಿಯೋದಲ್ಲಿ ಕಂಡಿದ್ದಂತೆ ಒಂದು, ಎರಡು, ಮೂರು ಎಂದರು. ಮೂರು ಅಂದದ್ದೇ ತಡ, ಬೋರಣ್ಣ ಗಕ್ಕನೆ ತಿರುಗಿ, ಎದೆಯುಬ್ಬಿಸಿ, ಕಣ್ಣು ಅಗಲಿಸಿ ನಿಂತ. ಪ್ರತಿಸಲವೂ ಹಾಗೇ. ಎಣಿಸದೆ ತೆಗೆಯೋಣವೆಂದರೆ ಕ್ಯಾಮೆರಾದ ಸನ್ನೆ ಅವನಿಗೆ ಬೆನ್ನಲ್ಲೇ ಗೊತ್ತಾಗುತ್ತಿತ್ತು.

ಮುಂದಿನ ಭಾನುವಾರ ಭಾವ ಹೋಗುವಷ್ಟರಲ್ಲಿ ಬೋರಣ್ಣನ ಇಡೀ ಸಂಸಾರ ಮದುವೆಯ ಬಟ್ಟೆ ತೊಟ್ಟು ಏರಿಯ ಮೇಲೆ ಸಾಲಾಗಿ ನಿಂತಿತ್ತು. ಯಾರಿಂದಲೋ ಎರವಲು ತಂದ ಕುರ್ಚಿ. ಕುರ್ಚಿಯ ಮೇಲೆ ಬೋರಣ್ಣ, ಕೈಗಡಿಯಾರ ಕಾಣಲೆಂದು ತೋಳು ಮೇಲೇರಿಸಿಕೊಂಡಿದ್ದ. ಪಕ್ಕದಲ್ಲಿ ಹೆಂಡತಿ ಲಕ್ಷ್ಮಮ್ಮ. ಆ ತುದಿಗೆ ಕೊಂಬಿಗೆ ಬಣ್ಣ ಬಳಿದ ಎತ್ತು. ಭಾವನಿಗೆ ಬೇಡ ಎನ್ನಲು ಬರಲಿಲ್ಲ. ಫೋಟೋ ಬಂದಾಗ ಎಲ್ಲರೂ ಇದ್ದರು, ಎತ್ತು ಕೂಡ ಕ್ಯಾಮೆರಾದ ಕಡೆಗೇ ನೋಡುತ್ತಿತ್ತು. ಕೆರೆ ಮಾತ್ರ ಎರಡು ಪೇಟಗಳ ನಡುವಿನ ಸಂದಿಯಲ್ಲಿ ಚೂರು ಹೊಳೆಯುತ್ತಿತ್ತು. ಏಕಾಂತಯ್ಯನವರು, "ಈಗ ಕೈ ಕುದುರಿತು ನೋಡಿ!" ಎಂದು ಬೆನ್ನು ತಟ್ಟಿದರು.

ಆ ಗುಂಪಿನಲ್ಲಿ ಇಲ್ಲದವಳು ಒಬ್ಬಳೇ, ಬೋರಣ್ಣನ ತಾಯಿ ಮುನಿವೆಂಕಟಮ್ಮ. ಫೋಟೋ ಕೊಡಲು ಹೋದ ದಿನ ಅವಳು ಕುಕ್ಕೆಯನ್ನು ಎಡ ಸೊಂಟಕ್ಕೆ ಆನಿಸಿಕೊಂಡು ಸೊಪ್ಪಿನ ಮಡಿಯ ಕಡೆ ಹೊರಟಿದ್ದಳು. ನೀವ್ಯಾಕೆ ಅವತ್ತು ಬರಲಿಲ್ಲ ಎಂದು ಭಾವ ಕೇಳಿದರು.

"ನಮ್ಮ ಯಜಮಾನಂದು ಹಿಂಗೇ ಒಂದು ತೆಗೆದ್ರು ಕಣಪ್ಪ. ಸತ್ತ ಮ್ಯಾಲೆ. ಕುರ್ಚಿ ಮ್ಯಾಲೆ ಕೂರ್ಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ. ಫೋಟೋ ಅಂದ್ರೆ ಅದು. ಬದುಕಿರೋ ಮುಖ ತಗಂಡು ಏನ್ ಮಾಡ್ತೀಯ?" ಎಂದವಳು, ಭಾವನ ಸಪ್ಪಗಿನ ಮುಖ ಕಂಡು ಕನಿಕರಪಟ್ಟಳೋ ಏನೋ. "ಮುಖ ಈಗ ಕೊಡಾಕಿಲ್ಲ. ಸತ್ತ ಮ್ಯಾಲೆ ಕೊಡ್ತೀನಿ, ಬಂದು ತಗಂಡೋಗು. ಬೆನ್ನು ಬೇಕಾರೆ ಈಗ್ಲೇ ತಗೋ" ಎಂದಳು.

ಹೇಳಿ ಅವಳು ನಿಲ್ಲಲೂ ಇಲ್ಲ, ತನ್ನ ಪಾಡಿಗೆ ನಡೆದಳು. ಏರಿಯ ತುದಿಗೆ ಹೋಗಿ, ನೀರು ಎಷ್ಟಿದೆ ಎಂದು ನೋಡಲು ಒಂದು ಗಳಿಗೆ ನಿಂತಳು. ಬಿಸಿಲು ಎದುರಿನಿಂದ ಬರುತ್ತಿತ್ತು, ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಭಾವ ಒಂದು ಎರಡು ಎನ್ನದೆ ಗುಂಡಿ ಒತ್ತಿದರು.

ಏಕಾಂತಯ್ಯನವರು ಆ ಫೋಟೋವನ್ನು ಕತ್ತಲೆಕೋಣೆಯಿಂದ ಹೊರಗೆ ತಂದು, ಕನ್ನಡಕ ಒರೆಸಿಕೊಂಡು ನೋಡಿ, ಭಾವನಿಗೆ ಕಾಫಿ ತರಿಸಿಕೊಟ್ಟರು. ಗಾಂಧಿ ಬಜಾರಿನಲ್ಲಿ ಅವರಿಂದ ಕಾಫಿ ಕುಡಿದವರು ಬೇರೆ ಯಾರೂ ಇರಲಾರರು. ಮನೆಗೆ ತಂದಾಗ ನಾನೂ ನೋಡಿದೆ. ಮುದುಕಿ, ಕುಕ್ಕೆ, ಅವಳ ಆಚೆಗೆ ಅಷ್ಟು ದೊಡ್ಡ ಬೆಳಕು. ಅದೇ ಕೆರೆ, ಅದೇ ಗೆರೆ, ಆದರೆ ಅವಳು ಏನು ನೋಡುತ್ತಿದ್ದಾಳೋ ಅದನ್ನು ನಾನೂ ನೋಡಬೇಕೆನ್ನಿಸಿತು.

ಅಕ್ಕ ಮಾತಿಗೆ ತಪ್ಪಲಿಲ್ಲ. "ಇದರಲ್ಲಿ ಒಬ್ಬರಿದಾರೆ. ಮುಖ ಇದ್ದಿದ್ರೆ ಇನ್ನೂ ಚೆನ್ನಾಗಿತ್ತು" ಎನ್ನುತ್ತಲೇ ಕಟ್ಟು ಹಾಕಿಸಿ, ಸ್ಟೂಲು ಹತ್ತಿ ತಾನೇ ಮೊಳೆಗೆ ನೇತುಹಾಕಿದಳು. ಭಾವ ಆ ರಾತ್ರಿ ಊಟದ ನಡುವೆ ಎರಡು ಸಲ ಎದ್ದು ಹೋಗಿ ನೋಡಿಬಂದರು.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಮರುದಿನ ಪಕ್ಕದ ಮನೆಯ ಅಕ್ಕಯಮ್ಮ ಕಾಫಿಪುಡಿ ಎರವಲು ಕೇಳಲು ಬಂದರು. ಅವರ ಮನೆಯಲ್ಲಿ ಕಾಫಿಪುಡಿ ಯಾವತ್ತೂ ಇರುತ್ತಿರಲಿಲ್ಲ. ಹಾಲಿಗೆ ಕಾಲಿಟ್ಟವರು ಫೋಟೋ ಕಂಡು ಕೈಮುಗಿದರು.

"ಸೇತುರಾಮಯ್ಯನವರ ಅಜ್ಜೀನಾ?"

ಭಾವ ಪೇಪರು ಓದುತ್ತ ಅಲ್ಲೇ ಇದ್ದರು. ಅಲ್ಲ ಎಂದು ಯಾರಿಗೂ ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಹೂಂ... ಹಿರಿಯರು" ಎಂದರು.

"ಮುಖ ಯಾಕೆ ಆ ಕಡೆ?"

"ಅವರು ತೋರಿಸ್ಲಿಲ್ಲ."

ಅಷ್ಟು ಸಾಕಾಯಿತು. ಸಂಜೆಯೊಳಗೆ ನಾಲ್ಕನೇ ಬ್ಲಾಕಿನಲ್ಲೆಲ್ಲ ಸುದ್ದಿ. ಸೇತುರಾಮಯ್ಯನವರ ಅಜ್ಜಿ ಜೀವಮಾನದಲ್ಲಿ ಪರಪುರುಷನಿಗೆ ಮುಖ ತೋರಿಸಿದವರಲ್ಲವಂತೆ, ಕ್ಯಾಮೆರಾದವನಿಗೂ ತೋರಿಸಲಿಲ್ಲವಂತೆ, ಅಂಥ ಮಹಾತಾಯಿಯಂತೆ. ಅಕ್ಕಯಮ್ಮ ತಮ್ಮ ಮನೆಯ ಕನಕಾಂಬರದ ಮಾಲೆ ತಂದು ಫೋಟೋಗೆ ಹಾಕಿದರು. ಶುಕ್ರವಾರ ಶುಕ್ರವಾರ ಅದು ಪದ್ಧತಿಯಾಯಿತು. ಪರೀಕ್ಷೆಗೆ ಹೋಗುವ ನನ್ನ ಶಿಷ್ಯೆಯರು ಬಂದು ನಮಸ್ಕಾರ ಮಾಡತೊಡಗಿದರು. ಒಬ್ಬರು ಮಗಳ ಜಾತಕ ತಂದು ಕೆಳಗಿಟ್ಟು ಹೋದರು. ನಿಜ ಹೇಳಿಬಿಡಿ ಎಂದು ನಾನು ಭಾವನಿಗೆ ದಿನವೂ ಹೇಳುತ್ತಿದ್ದೆ.

"ಹೇಳ್ತೀನಿ ಪಂಕಜಾ, ಹೇಳ್ತೀನಿ. ಆದರೆ ಎಲ್ಲರೂ ನಿಂತು ನೋಡ್ತಿದಾರಲ್ಲಮ್ಮಾ" ಎನ್ನುವರು.

ಒಂದು ಶುಕ್ರವಾರ ಬಾಗಿಲಲ್ಲಿ 'ಸೊಪ್ಪೋ' ಎಂದು ಕೂಗು ಕೇಳಿಸಿತು. ಸಾಕ್ಷಾತ್ ಮುನಿವೆಂಕಟಮ್ಮ. ಜಯನಗರದ ಮನೆಗಳಿಗೆ ಸೊಪ್ಪು ಹಾಕಲು ಶುರುಮಾಡಿದ್ದಳಂತೆ, ಫೋಟೋದ ಐನೋರ ಮನೆ ಇದೇ ಎಂದು ಯಾರೋ ತೋರಿಸಿದರಂತೆ. ಒಳಗೆ ಅಕ್ಕಯಮ್ಮ ಆಗತಾನೇ ಮಾಲೆ ಹಾಕಿ, ಕಣ್ಣುಮುಚ್ಚಿ ಪ್ರಾರ್ಥನೆ ಮುಗಿಸಿದ್ದರು. ಹೊರಗೆ ಬಂದವರೇ ದಂಟಿನ ಸೊಪ್ಪಿನ ಕಟ್ಟು ಹಿಡಿದು, "ಇಷ್ಟು ಸಣ್ಣ ಕಟ್ಟಾ? ನಿನಗೆ ಮನಸ್ಸಾಕ್ಷಿ ಇದೆಯಾ?" ಎಂದು ಅವಳೊಂದಿಗೆ ಚೌಕಾಸಿಗೆ ನಿಂತರು. ಗೋಡೆಯ ಮೇಲಿದ್ದಾಗ ಮಹಾತಾಯಿ, ಬಾಗಿಲಲ್ಲಿ ನಿಂತಾಗ ಮೋಸಗಾತಿ. ನಾನು ಸೆರಗು ಬಾಯಿಗೊತ್ತಿಕೊಂಡು ಅಡಿಗೆಮನೆಗೆ ಓಡಿದೆ.

ಅಕ್ಕಯಮ್ಮ ಹೋದ ಮೇಲೆ ಭಾವ ಮುನಿವೆಂಕಟಮ್ಮನನ್ನು ಒಳಗೆ ಕರೆದು ಫೋಟೋ ತೋರಿಸಿದರು. ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಕುಕ್ಕೆ ನಂದು" ಎಂದಳು. "ಹೊತ್ಕಂಡಿರೋ ಮುದುಕಿ ಯಾರಪ್ಪ?"

ತನ್ನ ಬೆನ್ನನ್ನು ಅವಳು ಯಾವತ್ತು ಕಂಡಿದ್ದಳು? ಅದು ನೀವೇ ಎಂದು ಭಾವ ಎಷ್ಟು ಹೇಳಿದರೂ ನಂಬಲಿಲ್ಲ. ಇಷ್ಟು ಗೂನು ನನಗಿಲ್ಲ ಎಂದಳು. ಹೋಗುವಾಗ, ಯಾರೋ ಸತ್ತವರು ಎಂದುಕೊಂಡು, ಅವಳೂ ಒಂದು ಸಲ ಕೈಮುಗಿದಳು. ಮೆಟ್ಟಿಲಿಳಿಯುತ್ತ ಹಿಂದಿರುಗಿ, "ಮುಖದ ಮಾತು ಮರೀಬ್ಯಾಡ" ಎಂದು ಭಾವನಿಗೆ ನೆನಪಿಸಿದಳು.

ಅರವತ್ತೆರಡರ ಮಾಘದಲ್ಲಿ ನಾವೆಲ್ಲ ಒಂದು ಮದುವೆಗೆಂದು ತುಮಕೂರಿಗೆ ಹೋಗಿದ್ದೆವು. ಹಿಂದಿರುಗಿದಾಗ ಬೋರಣ್ಣ ನಮ್ಮ ಜಗಲಿಯ ಮೇಲೆ ತಲೆಗೆ ಟವೆಲ್ಲು ಸುತ್ತಿಕೊಂಡು ಕೂತಿದ್ದ. ತಲೆ ಬೋಳಿಸಿಕೊಂಡಿದ್ದ.

"ಅವ್ವ ಹೋದ್ಳು ಸ್ವಾಮಿ. ಅವತ್ತೇ ಓಡಿ ಬಂದೆ, ಬೀಗ ಹಾಕಿತ್ತು. ಮುಖ ನಿಮಗೇ ಕೊಡ್ತೀನಿ ಅಂದಿದ್ಳು. ಬಿಸಿಲು ಏರೋ ತನಕ ಕುರ್ಚಿ ಮ್ಯಾಲೆ ಕೂರ್ಸಿ ಕಾದ್ವಿ. ಆಮೇಲೆ ದೊಡ್ಡೋರು ಬೈದ್ರು, ಎತ್ತಿದ್ವಿ."

ಭಾವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಯಾರೂ ಇವರಿಗಾಗಿ ಯಾತಕ್ಕೂ ಕಾದವರಲ್ಲ. ಕಾದವಳು ಒಬ್ಬಳು, ಅವಳೂ ಸತ್ತು, ಕುರ್ಚಿಯ ಮೇಲೆ ಕೂತು.

ಆದರೆ ಬೋರಣ್ಣ ಅಳಲು ಬಂದಿರಲಿಲ್ಲ. ಅವನು ದಾರಿ ಯೋಚಿಸಿಕೊಂಡೇ ಬಂದಿದ್ದ. ಗುಂಪಿನ ಫೋಟೋ ಜೊತೆಗೆ ಭಾವ ಅವನಿಗೆ ಅದರ ನೆಗೆಟಿವನ್ನೂ ತೋರಿಸಿದ್ದರಂತೆ, ಅದರಲ್ಲಿ ಬೆಳಕು ಈ ಕಡೆಯಿಂದ ಆ ಕಡೆಗೆ ದಾಟುವುದನ್ನು ಅವನು ಕಂಡಿದ್ದ.

"ಅವ್ವನ ಬೆನ್ನಿಂದು ನಿಮ್ಮತ್ರ ಐತಲ್ಲ, ಅದನ್ನ ಆ ಕಡೆಯಿಂದ ತೊಳ್ಸಿ ಸ್ವಾಮಿ. ಈ ಕಡೆಯಿಂದ ಬೆನ್ನಾದ್ರೆ ಆ ಕಡೆಯಿಂದ ಮುಖ ಇರಬೇಕಲ್ಲ."

ಆಗುವುದಿಲ್ಲ ಎನ್ನಬೇಕಾದದ್ದು ಇದೊಂದು ಕಡೆ. ಭಾವ "ಆಗಲಿ" ಎಂದರು.

ಏಕಾಂತಯ್ಯನವರು ಕೇಳಿ ಮೊದಲು ನಕ್ಕರು, ಆಮೇಲೆ ರೇಗಿದರು, ಕೊನೆಗೆ ನೆಗೆಟಿವನ್ನು ಮಗುಚಿ ಹಾಕಿದರು. ಕತ್ತಲೆಕೋಣೆಯಲ್ಲಿ ಇಬ್ಬರೂ ತಟ್ಟೆಯ ಮೇಲೆ ಬಗ್ಗಿ ನಿಂತರು. ಕಾಗದದ ಮೇಲೆ ಮೊದಲು ಕೆರೆ ಬಂತು, ಆಮೇಲೆ ಕುಕ್ಕೆ, ಆಮೇಲೆ ಅವಳು. "ನಲವತ್ತು ವರ್ಷದ ಕಸುಬು ನನ್ನದು ಸೇತುರಾಮಯ್ಯ. ಆದ್ರೂ ಒಂದು ಗಳಿಗೆ ಈಗ ತಿರುಗ್ತಾರೆ ಅನ್ನಿಸಿಬಿಡ್ತು" ಎಂದರಂತೆ. ತಿರುಗಲಿಲ್ಲ. ಎಡ ಸೊಂಟದಲ್ಲಿದ್ದ ಕುಕ್ಕೆ ಬಲಕ್ಕೆ ಹೋಗಿತ್ತು, ಅಷ್ಟೇ.

ತಿಥಿಯ ದಿನ ಕಟ್ಟು ಹಾಕಿಸಿದ ಆ ಫೋಟೋ ಹಿಡಿದುಕೊಂಡು ಭಾವ, ಅಕ್ಕ, ನಾನು ಜಟಕಾದಲ್ಲಿ ಮಡಿವಾಳಕ್ಕೆ ಹೋದೆವು. ಮುಖ ಬರುತ್ತದೆಂದು ನೆಂಟರೆಲ್ಲ ಸೇರಿದ್ದರು. ಇವತ್ತು ಭಾವನಿಗೆ ಒದೆ ಬೀಳುವುದು ಖಂಡಿತ ಎಂದು ನಾನು ಜಟಕಾದವನಿಗೆ ಹೋಗಬೇಡ, ಇಲ್ಲೇ ಇರು ಎಂದು ಹೇಳಿಟ್ಟಿದ್ದೆ.

ಭಾವ ಸುತ್ತಿದ್ದ ಬಟ್ಟೆ ಬಿಚ್ಚಿದರು. ಬೋರಣ್ಣ ಹತ್ತಿರ ತಂದು ನೋಡಿದ, ದೂರ ಹಿಡಿದು ನೋಡಿದ. ಅವನ ಕಣ್ಣು ಹೊಳೆಯಿತು.

"ಕುಕ್ಕೆ ಎಡಗಡೆ ಇತ್ತು, ಈಗ ಬಲಕ್ಕೆ ಬಂದದೆ. ಮಗ್ಗುಲು ಬದಲಾಯ್ಸವ್ಳೆ! ಅಂದ್ರೆ ತಿರುಗ್ತಾವ್ಳೆ. ಇನ್ನೊಂದು ಸಲ ತೊಳ್ಸಿ ಸ್ವಾಮಿ, ಪೂರ್ತಿ ತಿರುಗ್ತಾಳೆ."

ಭಾವ ಬಾಯಿ ತೆರೆದರು. "ಆಗಲಿ" ಎಂದೇಬಿಡುತ್ತಾರೆ ಎಂದು ನಾನು ಹಲ್ಲು ಕಚ್ಚಿಕೊಂಡೆ. ಅಷ್ಟರಲ್ಲಿ ಲಕ್ಷ್ಮಮ್ಮ ಮುಂದೆ ಬಂದು ಗಂಡನ ಕೈಯಿಂದ ಫೋಟೋ ತೆಗೆದುಕೊಂಡಳು.

"ಸುಮ್ಕಿರಿ, ಸಾಕು. ಅತ್ತೆ ಇದೇಯ. ಮದುವೆಯಾಗಿ ಬಂದಾಗಿಂದ ಸೊಪ್ಪಿನ ಕುಕ್ಕೆ ಹೊತ್ಕಂಡು ಅವ್ರ ಹಿಂದಹಿಂದೆ ನಡೆದೋಳು ನಾನು. ಮುಖ ನೋಡನ ಅಂದ್ರೆ ಯಾವತ್ತು ನಿಂತವ್ರೆ ಅವ್ರು? ನಂಗೆ ಗೊತ್ತಿರದು ಈ ಬೆನ್ನೇಯ." ಅಷ್ಟು ಹೇಳಿ ಅವಳು ಫೋಟೋವನ್ನು ಎದೆಗೆ ಅವುಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಅಲ್ಲಿಗೆ ಎಲ್ಲರೂ ಒಬ್ಬೊಬ್ಬರಾಗಿ, ಹೌದು ಹೌದು, ಅವ್ವನೇ, ಅದೇ ನಡಿಗೆ, ಅದೇ ಗೂನು ಎಂದು ಗುರುತು ಹಿಡಿಯತೊಡಗಿದರು. ಫೋಟೋವನ್ನು ಯಜಮಾನನ ಫೋಟೋದ ಪಕ್ಕದಲ್ಲಿ ನಿಲ್ಲಿಸಿ ಮಾಲೆ ಹಾಕಿದರು. ಗಂಧದ ಬೊಟ್ಟಿಡಬೇಕು. ಬೋರಣ್ಣ ಬೆರಳಿಗೆ ಗಂಧ ಹಚ್ಚಿಕೊಂಡು ಬಂದವನು ಗಾಜಿನ ಮುಂದೆ ಕೈಯೆತ್ತಿ ನಿಂತುಬಿಟ್ಟ. ಎಲ್ಲಿಡುವುದು? ತುರುಬಿನ ಮೇಲೆ ಇಡುವುದೇ? ಒಬ್ಬರು ಕುಕ್ಕೆಗೆ ಇಡು ಎಂದರು. ಬೋರಣ್ಣ ಫೋಟೋವನ್ನು ಮೆಲ್ಲಗೆ ಎತ್ತಿ, ಮಗುಚಿ, ಕಟ್ಟಿನ ಹಿಂಭಾಗದ ರಟ್ಟಿನ ಮೇಲೆ, ಹಣೆ ಇರಬೇಕಾದ ಎತ್ತರಕ್ಕೆ ಸರಿಯಾಗಿ ಬೊಟ್ಟಿಟ್ಟ. ಆ ಬರೀ ರಟ್ಟಿಗೆ ಕೈಮುಗಿದ. ಮತ್ತೆ ಈ ಕಡೆ ತಿರುಗಿಸಿ ಇಟ್ಟ.

ಭಾವ ಆಗ ಅತ್ತರು, ಎಲ್ಲರೆದುರಿಗೆ, ಮಗುವಿನ ಹಾಗೆ. ಅಕ್ಕ ಅವರ ಕೈಯನ್ನು ಹಿಡಿದುಕೊಂಡಳು, ಅದೂ ಎಲ್ಲರೆದುರಿಗೆ.

ಮನೆಗೆ ಬಂದವಳೇ ಅಕ್ಕ ಸ್ಟೂಲು ಎಳೆದು ಮೊಳೆಯ ಮೇಲಿದ್ದ ಫೋಟೋ ಇಳಿಸಿದಳು. "ಬದುಕಿದ್ದಾಗ ಬೇರೆ ಮಾತು. ಈಗ ಇವರು ಆ ಮನೆಯ ಹಿರಿಯರು. ಇನ್ನೊಬ್ಬರ ಮನೆ ಹಿರಿಯರನ್ನ ನಾವಿಟ್ಟುಕೊಳ್ಳೋದು ಸರಿಯಲ್ಲ" ಎಂದು ತನ್ನ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಬದುಕಿದ್ದಷ್ಟು ದಿನ ಮಾಲೆ ಹಾಕಿಸಿಕೊಂಡು, ಸತ್ತ ಕೂಡಲೇ ಗೋಡೆಯಿಂದ ಇಳಿದವಳು ಮುನಿವೆಂಕಟಮ್ಮ ಒಬ್ಬಳೇ ಇರಬೇಕು. ಭಾವ ಬೋಳು ಮೊಳೆಯನ್ನು ನೋಡುತ್ತ ನಿಂತಿದ್ದರು. ಎರಡು ವರ್ಷ ಸೈಕಲ್ ತುಳಿದು ಗಳಿಸಿದ್ದು ಅದೊಂದೇ. ನನಗೆ ಅಕ್ಕನ ಮೇಲೆ ವಿಪರೀತ ಕೋಪ ಬಂತು.

ಅಕ್ಕ ಕೈ ತೊಳೆದುಕೊಂಡು ಬಂದು, "ರೀ, ಮೊದಲನೇದು ಒಂದು ತೆಗೆದಿದ್ರಲ್ಲ, ಯಾರೂ ಇಲ್ಲದ್ದು, ಬರೀ ಕೆರೆ. ಅದು ಇದೆಯಾ?" ಎಂದಳು.

"ಇದೆ. ಯಾಕೆ? ಅದು ಸಪ್ಪೆ ಅಲ್ವಾ?"

"ಅದೇ ಏರಿ ತಾನೇ?"

"ಅದೇ ಏರಿ. ಅದೇ ಜಾಗ."

"ದೊಡ್ಡದು ಮಾಡಿಸ್ಕೊಂಡು ಬನ್ನಿ."

ಏಕಾಂತಯ್ಯನವರು ಈ ಸಲ ತಲೆಕೆಳಗು ಹಿಡಿಯದೆ ದೊಡ್ಡದು ಮಾಡಿಕೊಟ್ಟರು. ಮೇಲರ್ಧ ಬಿಳುಪು, ಕೆಳಗರ್ಧ ಬೂದು, ನಡುವೆ ಒಂದು ಗೆರೆ. ಅಕ್ಕ ಕಟ್ಟು ಹಾಕಿಸಿ, ಸ್ಟೂಲು ಹತ್ತಿ, ತನ್ನ ಕೈಯಾರೆ ಮೊಳೆಗೆ ಹಾಕಿದಳು.

ಶುಕ್ರವಾರ ಅಕ್ಕಯಮ್ಮ ಕನಕಾಂಬರದ ಮಾಲೆ ಹಿಡಿದುಕೊಂಡು, ಜೊತೆಗೆ ಕಾಫಿಪುಡಿಗೆ ಬಟ್ಟಲನ್ನೂ ಹಿಡಿದುಕೊಂಡು ಬಂದರು. ಗೋಡೆ ನೋಡಿ ಗಾಬರಿಯಾದರು.

"ಇದೇನು ಸೀತಾ? ಇದರಲ್ಲಿ ಯಾರೂ ಇಲ್ವಲ್ಲ?"

"ಹೌದು ಅಕ್ಕಯಮ್ಮಾ. ಸೊಪ್ಪಿನ ಮುನಿವೆಂಕಟಮ್ಮ ಇಲ್ಲ" ಎಂದಳು ಅಕ್ಕ. ಆಮೇಲೆ ಎಲ್ಲವನ್ನೂ ಹೇಳಿದಳು.

ಅಕ್ಕಯಮ್ಮ ಮಾಲೆ ಕೈಯಲ್ಲೇ ಹಿಡಿದುಕೊಂಡು ಆ ಖಾಲಿ ಏರಿಯನ್ನು ನೋಡುತ್ತ ಬಹಳ ಹೊತ್ತು ನಿಂತರು. ಭಾವ ಪೇಪರಿನ ಮರೆಯಿಂದ ಅವರನ್ನೇ ನೋಡುತ್ತಿದ್ದರು. ಹೋಗುವಾಗ ಅಕ್ಕಯಮ್ಮ ಕಾಫಿಪುಡಿ ಕೇಳುವುದನ್ನೇ ಮರೆತಿದ್ದರು. ಬಟ್ಟಲು ನಮ್ಮ ಮನೆಯಲ್ಲೇ ಉಳಿಯಿತು.